ಅಮೆರಿಕ ಇರುವುದು ಬಡಗಿನಲ್ಲಿ

ಸಂಜೆ ಹೊತ್ತು ಉಳ್ಳಾಲದ ಕಡಲ ದಂಡೆಯಲ್ಲಿ ಚುರುಮುರಿ ತಿನ್ನುತ್ತ ನಿಂತವರನ್ನು ‘ಅಮೆರಿಕ ಯಾವ ಕಡೆ?’ ಎಂದು ಕೇಳಿನೋಡಿ. ಕೈ ತಾನಾಗಿಯೇ ಪಡುವಣಕ್ಕೆ, ನೀರಿನತ್ತ ಚಾಚುತ್ತದೆ. ಹ್ಯಾಮ್ ರೇಡಿಯೊ ಹವ್ಯಾಸಿಯ ಕೈ ಹಾಗೆ ಹೋಗುವುದಿಲ್ಲ. ಆತ ಕಡಲನ್ನು ಎಡಗಡೆಗೆ ಬಿಟ್ಟು ನೇತ್ರಾವತಿಯ ಕಡೆಗೆ, ಬಡಗಿಗೆ ಬೆರಳು ತೋರಿಸುತ್ತಾನೆ. ಗೋಳದ ಮೇಲೆ ಒಂದು ದಾರ ಎಳೆದರೆ ಗುಟ್ಟು ತಿಳಿಯುತ್ತದೆ. ಉಳ್ಳಾಲದಿಂದ ನ್ಯೂಯಾರ್ಕಿಗೆ ಹತ್ತಿರದ ದಾರಿ ಬಡಗಿನಿಂದ ಪಡುವಕ್ಕೆ ಬರೀ 27 ಡಿಗ್ರಿ ವಾಲುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ದಾರಿಯಂತೂ 17 ಡಿಗ್ರಿ ಮೂಡಕ್ಕೇ ವಾಲಿದೆ. ಈ ಊರಿನ ಎಷ್ಟೋ ಮನೆಗಳ ಮಕ್ಕಳು ದುಡಿಯುವ ದುಬೈ ವಾಯವ್ಯಕ್ಕಿದ್ದರೆ, ಲಕ್ಷದ್ವೀಪದ ಕವರತ್ತಿ ನೈಋತ್ಯಕ್ಕೆ, ಸುಮಾರು 350 ಕಿಲೋಮೀಟರ್ ದೂರದಲ್ಲಿದೆ.

ದಿಕ್ಕು ಗೊತ್ತಾದರೆ ಸಾಲದು. ಆ ದಿಕ್ಕಿಗೆ ಮುಖ ಮಾಡುವ ಆಂಟೆನಾ ಬೇಕು, ಅದನ್ನು ಉಪ್ಪುಗಾಳಿಯಲ್ಲಿ ಹೊತ್ತು ನಿಲ್ಲುವ ಕಂಬವೂ ಬೇಕು. ಹ್ಯಾಮ್‌ಗಳ ಮಾತೆಲ್ಲ ರೇಡಿಯೊ ಪೆಟ್ಟಿಗೆಯ ಸುತ್ತ ಸುತ್ತುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರಿಗೆ ಗೊತ್ತು, ಅರ್ಧ ವಿದ್ಯೆ ಇರುವುದು ಕಂಬದಲ್ಲಿ.

ಪರವಾನಗಿ ಇರುವ ಹವ್ಯಾಸ

ಹ್ಯಾಮ್ ರೇಡಿಯೊ ಎಂದರೆ ವ್ಯಾಪಾರದ ಸೋಂಕಿಲ್ಲದೆ, ಕಲಿಕೆಗೂ ಗೆಳೆತನಕ್ಕೂ ತುರ್ತಿಗೂ ನಡೆಸುವ ಖಾಸಗಿ ರೇಡಿಯೊ ಕೇಂದ್ರ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಆಮೇಲೆ ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಗುರುತು ಸಿಗುತ್ತದೆ. ಲಕ್ಷದ್ವೀಪದಿಂದ ಮಾತಾಡುವವರದು ವಿಯು7, ಅಂಡಮಾನಿನವರದು ವಿಯು4.

ಆ ವಿಯು4ರ ಒಂದು ಕತೆಯನ್ನು ಭಾರತದ ಹ್ಯಾಮ್‌ಗಳು ಮರೆಯುವುದಿಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಜಗತ್ತಿನ ಹವ್ಯಾಸಿಗಳೊಂದಿಗೆ ಮಾತಾಡಲೆಂದು ಪೋರ್ಟ್ ಬ್ಲೇರಿನಲ್ಲಿ ಆಂಟೆನಾ ಏರಿಸಿ ಕೂತಿದ್ದರು. 26ರಂದು ಸುನಾಮಿ ಬಂತು. ಹವ್ಯಾಸಕ್ಕೆಂದು ಏರಿಸಿದ್ದ ಅದೇ ಆಂಟೆನಾ ದ್ವೀಪದ ಸುದ್ದಿಯನ್ನು ಮುಖ್ಯ ಭೂಭಾಗಕ್ಕೆ ದಾಟಿಸಿತು.

ಮಾಡಿನ ಮೇಲಿನ ಯಾಗಿ

ದಿಕ್ಕು ಹಿಡಿಯುವ ಈ ಆಂಟೆನಾ ನಮಗೆ ಹೊಸದೇನಲ್ಲ. ದೂರದರ್ಶನದ ಕಾಲದಲ್ಲಿ ಹಂಚಿನ ಮಾಡಿನ ಮೇಲೆ ಪೈಪು ತಿರುಗಿಸಲು ಒಬ್ಬ, ಒಳಗೆ ಟಿ.ವಿ. ಮುಂದೆ ಇನ್ನೊಬ್ಬ, ಅಂಗಳದಲ್ಲಿ ನಿಂತು ಮಾತು ದಾಟಿಸಲು ಮೂರನೆಯವ. ‘ಬಂತಾ?’ ‘ಬಂತು, ಬಂತು... ಹೋಯ್ತು!’ ಮೀನಿನ ಮುಳ್ಳಿನ ಹಾಗಿದ್ದ ಆ ಸಲಾಕೆಗಳ ಸಾಲೇ ಯಾಗಿ ಆಂಟೆನಾ.

ಜಪಾನಿನ ಸೆಂಡೈ ನಗರದಲ್ಲಿ 1926ರಲ್ಲಿ ಇದನ್ನು ಲೋಕಕ್ಕೆ ತೋರಿಸಿದವರು ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ. ಹೆಚ್ಚಿನ ದುಡಿಮೆ ಉದಾ ಅವರದು, ಉಳಿದ ಹೆಸರು ಯಾಗಿ ಅವರದು. ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು ಸಲಾಕೆಯ ಯಾಗಿ. ಕೇಬಲ್ ಬಂದು ಸೇರುವುದು ನಡುವಿನ ಸಲಾಕೆಗೆ ಮಾತ್ರ. ಹಿಂದಿನದು ಅದಕ್ಕಿಂತ ಸ್ವಲ್ಪ ಉದ್ದ, ಅದು ರಿಫ್ಲೆಕ್ಟರ್. ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನದು ಸ್ವಲ್ಪ ಗಿಡ್ಡ, ಅದು ಡೈರೆಕ್ಟರ್. ಅಲೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ತಂತಿಯ ನಂಟೇ ಇಲ್ಲದ ಎರಡು ಸಲಾಕೆಗಳು ಬರೀ ಉದ್ದ ಮತ್ತು ಅಂತರದ ಬಲದಿಂದ ಅಲೆಗೆ ದಿಕ್ಕು ಕೊಡುತ್ತವೆ. ಇಲ್ಲಿ ಅಳತೆಯೇ ಎಲ್ಲ. ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಸಲಾಕೆ ಒಂದು ಮೀಟರಿನ ಆಸುಪಾಸು. ಖಂಡಾಂತರದ ಮಾತಿಗೆ ಬಳಸುವ 14 ಮೆಗಾಹರ್ಟ್ಸ್‌ನಲ್ಲಿ ಅದೇ ಸಲಾಕೆ 10 ಮೀಟರ್ ಆಗುತ್ತದೆ.

ಕರೆಯದೆ ಬಂದ ನಾಲ್ಕನೆಯ ಸಲಾಕೆ

ಕಂಬದ ತಕರಾರು ಶುರುವಾಗುವುದು ಇಲ್ಲಿ. ಕಬ್ಬಿಣದ ಕಂಬವೂ ಒಂದು ಲೋಹದ ಸಲಾಕೆಯೇ ತಾನೆ? ದೊಡ್ಡ ಯಾಗಿಯ ಸಲಾಕೆಗಳು ಸಾಮಾನ್ಯವಾಗಿ ನೆಲಕ್ಕೆ ಅಡ್ಡಲಾಗಿರುತ್ತವೆ, ಕಂಬ ನೆಟ್ಟಗಿರುತ್ತದೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಆದರೆ ಎರಡು ಮೀಟರ್ ಬ್ಯಾಂಡಿನ ಊರಮಾತು ನಡೆಯುವುದು ವಾಕಿಟಾಕಿಗಳ ಜೊತೆ. ಅವುಗಳ ಕಡ್ಡಿ ನೆಟ್ಟಗಿರುವುದರಿಂದ ಯಾಗಿಯ ಸಲಾಕೆಗಳೂ ನೆಟ್ಟಗೆ ನಿಲ್ಲಬೇಕು. ಆಗ ಅವುಗಳ ನಡುವೆ, ಅವುಗಳಿಗೆ ಸಮಾನಾಂತರವಾಗಿ ಹಾದುಹೋಗುವ ಕಂಬ ಕರೆಯದೆ ಬಂದ ನಾಲ್ಕನೆಯ ಸಲಾಕೆಯಾಗಿಬಿಡುತ್ತದೆ. ಲೆಕ್ಕ ಹಾಕಿ ಕೊಟ್ಟ ದಿಕ್ಕು ಕೆಡುತ್ತದೆ, ಅಲೆ ಬೇಡದ ಕಡೆಗೆಲ್ಲ ಚೆಲ್ಲುತ್ತದೆ.

ಪರಿಹಾರ ಎರಡು. ಒಂದು, ಆಂಟೆನಾದ ಬೂಮನ್ನು, ಅಂದರೆ ಸಲಾಕೆಗಳನ್ನು ಹೊತ್ತ ಅಡ್ಡಕೋಲನ್ನು, ಹಿಂದಕ್ಕೆ ಉದ್ದ ಮಾಡಿ, ರಿಫ್ಲೆಕ್ಟರಿನ ಬೆನ್ನ ಹಿಂದೆ ಕಂಬಕ್ಕೆ ಬಿಗಿಯುವುದು. ಇನ್ನೊಂದು, ಕಂಬದ ಮೇಲ್ತುದಿಯ ಒಂದೆರಡು ಮೀಟರನ್ನು ಲೋಹವಲ್ಲದ ವಸ್ತುವಿನಿಂದ ಮಾಡುವುದು. ಫೈಬರ್‌ಗ್ಲಾಸ್ ಆಗಬಹುದು, ವಾರ್ನಿಷ್ ಹೊಡೆದ ಬಿದಿರೂ ಆಗಬಹುದು. ಅಡಿಕೆ ಕೊಯ್ಯಲು ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ನೋಡಿ ಜೀವ ಆಸೆಪಡುತ್ತದೆ: ಹಗುರ, ಗಟ್ಟಿ, ಉದ್ದ. ಆದರೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಈ ಕೆಲಸಕ್ಕೆ ಹಳೆಯ ಬಿದಿರ ದೋಟಿಯೇ ಮೇಲು.

ಉಪ್ಪು, ಗಾಳಿ, ಗುಡುಗು

ಅಂಗಡಿಯಲ್ಲಿ ಜಿಐ ಪೈಪು ಸಿಗುವುದು 20 ಅಡಿಯ ಉದ್ದದಲ್ಲಿ. ಎರಡು ಇಂಚಿನ ಪೈಪಿನೊಳಗೆ ಒಂದೂವರೆ ಇಂಚಿನದನ್ನು ಮೂರ್ನಾಲ್ಕು ಅಡಿ ಇಳಿಸಿ ಬೋಲ್ಟು ಹಾಕಿದರೆ ಹಗುರವಾದ ಎರಡು ಮೀಟರ್ ಯಾಗಿಗೆ ಕಂಬ ಸಿದ್ಧ. ಗಾಳಿಯ ವೇಗ ಇಮ್ಮಡಿಯಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೂರು ದಿಕ್ಕಿಗೆ ಸ್ಟೇ ತಂತಿ ಎಳೆಯಲೇಬೇಕು. ಅವುಗಳ ಗೂಟ ಕಂಬದ ಬುಡದಿಂದ, ಕಂಬದ ಎತ್ತರದ ಮುಕ್ಕಾಲು ಪಾಲಿನಷ್ಟಾದರೂ ದೂರವಿದ್ದರೆ ಒಳ್ಳೆಯದು. ದಂಡೆಯ ಹೊಯಿಗೆಯಲ್ಲಿ ಬರಿ ಗೂಟ ನಿಲ್ಲುವುದಿಲ್ಲ; ಕಾಂಕ್ರೀಟಿನ ದಿಮ್ಮಿ ಹೂಳಬೇಕು. ತಂತಿಯೂ ಲೋಹವೇ. ಅದು ಇನ್ನೊಂದು ಆಂಟೆನಾ ಆಗದಿರಲೆಂದು ನಡುನಡುವೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್ ಹಾಕುತ್ತಾರೆ.

ಕಡಲೂರಿನ ನಿಜವಾದ ಶತ್ರು ಉಪ್ಪು. ಅಲ್ಯೂಮಿನಿಯಂ ಸಲಾಕೆಗೆ ತಾಮ್ರದ ತಂತಿಯನ್ನು ನೇರ ಸುತ್ತಿದರೆ ಉಪ್ಪುಗಾಳಿಯ ತೇವದಲ್ಲಿ ಅಲ್ಯೂಮಿನಿಯಂ ಬೂದುಬಿಳಿ ಹುಡಿಯಾಗುತ್ತ ಹೋಗುತ್ತದೆ. ಅದಕ್ಕೇ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು, ವಾಷರು, ಅದರ ಮೇಲೆ ಗ್ರೀಸು. ಕೇಬಲ್ ಸೇರುವ ಕನೆಕ್ಟರಿಗೆ ರಬ್ಬರ್ ಟೇಪು ಸುತ್ತಿ, ಅದಕ್ಕೆ ಮುಂಚೆ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಬಿಡುತ್ತಾರೆ. ಇಳಿದು ಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಬೇಕು, ಕನೆಕ್ಟರಿಗಾಗಲಿ ಮನೆಯೊಳಗಾಗಲಿ ಹೊಗಬಾರದು.

ಮುಂಗಾರಿಗೆ ಮುಂಚಿನ ಗುಡುಗುಮಳೆಗೆ ಒಂಟಿ ಕಂಬವೆಂದರೆ ಕರೆಯೋಲೆ. ಮುರಕಲ್ಲು ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ತಿಂಗ್ ಗುಂಡಿ ಆಳವಾಗಿರಬೇಕು, ಇದ್ದಿಲು ಉಪ್ಪು ತುಂಬಿರಬೇಕು. ಗುಡುಗು ಕೇಳಿಸುವ ಮೊದಲೇ ಕೇಬಲನ್ನು ರೇಡಿಯೊದಿಂದ ಕಳಚಿ ಹೊರಗಿಡುವುದು ಅದಕ್ಕಿಂತ ದೊಡ್ಡ ಜಾಣತನ. ಎಲ್ಲಕ್ಕೂ ಮಿಗಿಲಾದ ನಿಯಮ ಒಂದಿದೆ: ಕಂಬ ಯಾವ ಕಡೆಗೆ ಬಿದ್ದರೂ ಕರೆಂಟಿನ ತಂತಿಗೆ ಮುಟ್ಟಬಾರದು. ಅಷ್ಟು ಜಾಗವಿಲ್ಲದಿದ್ದರೆ ಕಂಬ ಗಿಡ್ಡವಾಗಲಿ.

ಎತ್ತುವ ಕೆಲಸ ಒಬ್ಬರದಲ್ಲ. ಬುಡವನ್ನು ಕೀಲಿಗೆ ಸಿಕ್ಕಿಸಿ, ಇಬ್ಬರು ಮುಂದಿನಿಂದ ಹಗ್ಗ ಎಳೆಯಬೇಕು, ಇಬ್ಬರು ಪಕ್ಕದ ತಂತಿ ಹಿಡಿಯಬೇಕು, ಒಬ್ಬ ದೂರ ನಿಂತು ಕಂಬದ ಮೇಲೆ ಕಣ್ಣಿಡಬೇಕು. ದೋಣಿಯನ್ನು ದಂಡೆಗೆ ಎಳೆದು ಗೊತ್ತಿರುವ ಊರಿನಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಒಂದೇ ‘ಐಲೇಸಾ’ಕ್ಕೆ ಎಲ್ಲರ ತೋಳೂ ಸೇರುತ್ತವೆ.

ಇನ್ನು ಉಳಿದದ್ದು ದಿಕ್ಕು. ಫೋನಿನ ದಿಕ್ಸೂಚಿಯನ್ನು ಕಂಬದ ಬುಡದಲ್ಲೇ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಕಬ್ಬಿಣ ಅದರ ದಾರಿ ತಪ್ಪಿಸುತ್ತದೆ. ಹತ್ತು ಹೆಜ್ಜೆ ಆಚೆ ಹೋಗಿ ನೋಡಬೇಕು. ತಿರುಗಿಸಲು ಮೋಟಾರು ಸಿಗುತ್ತದೆ, ಅದನ್ನು ರೊಟೇಟರ್ ಎನ್ನುತ್ತಾರೆ. ದುಡ್ಡಿಲ್ಲದವರು ಪೈಪನ್ನು ಕೈಯಲ್ಲೇ ತಿರುಗಿಸಿ, ಅದಕ್ಕೆ ‘ಆರ್ಮ್‌ಸ್ಟ್ರಾಂಗ್ ರೊಟೇಟರ್’ ಎಂದು ಹೆಸರಿಟ್ಟು ನಗುತ್ತಾರೆ. ಅಷ್ಟೂ ಬೇಡವೆಂದರೆ ಪುಟ್ಟ ಯಾಗಿಯನ್ನು ಕೈಯಲ್ಲೇ ಹಿಡಿಯಬಹುದು. ಇಸ್ರೊ 2005ರ ಮೇ 5ರಂದು ಹ್ಯಾಮ್‌ಗಳಿಗೆಂದೇ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ಮೂಲಕ ಎಷ್ಟೋ ಮಂದಿ ಹಾಗೆಯೇ ಮಾತಾಡಿದರು.

ಈ ಕರಾವಳಿಯಲ್ಲಿ ಕಂಬಕ್ಕೂ ಒಂದು ಪಂಚಾಂಗವಿದೆ. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕಂಬವಿದ್ದವರು ಅದಕ್ಕೂ ಮುಂಚೆ ಒಂದು ಭಾನುವಾರ ಅದನ್ನು ಮಲಗಿಸಿ, ಬೋಲ್ಟು ಬಿಚ್ಚಿ ಉಪ್ಪು ಒರೆಸಿ, ತಂತಿ ಸವೆದಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಮತ್ತೆ ಎತ್ತಿ ನಿಲ್ಲಿಸಿದ ಮೇಲೆ ಒಬ್ಬ ಪೈಪು ತಿರುಗಿಸುತ್ತಾನೆ, ಒಳಗೊಬ್ಬ ಮೀಟರಿನ ಮುಳ್ಳು ನೋಡುತ್ತ ಕಿವಿಗೊಟ್ಟು ಕೂರುತ್ತಾನೆ. ಅಂಗಳದಿಂದ ಕೇಳುವ ಪ್ರಶ್ನೆ ಮಾತ್ರ ಟಿ.ವಿ. ಕಾಲದ್ದೇ: ‘ಬಂತಾ?’