ಡರ್ಮಾ ಪೆನ್: ಸೂಜಿ ಎಷ್ಟು ಆಳ, ಕ್ರೀಮ್ ಯಾರ ಕೈಯಲ್ಲಿ?

"ಅಕ್ಕಾ, ಮದುವೆಗೆ ಇನ್ನು ಮೂರು ವಾರ ಉಂಟು. ಈ ಮೊಡವೆ ಗುಂಡಿಗಳು ಅಷ್ಟರಲ್ಲಿ ಹೋಗ್ತವಾ?" ಬಿ.ಸಿ. ರೋಡಿನಿಂದ ಮೂಡುಬಿದಿರೆ, ಬೆಳ್ತಂಗಡಿಯವರೆಗೆ ಯಾವ ಬ್ಯೂಟಿ ಪಾರ್ಲರಿನಲ್ಲಾದರೂ ಕೇಳಬಹುದಾದ ಪ್ರಶ್ನೆ. ಫೇಶಿಯಲ್, ಬ್ಲೀಚ್‌ಗಳಿಂದ ಆಗದ ಈ ಕೆಲಸಕ್ಕೆ ಈಗ ಡರ್ಮಾ ಪೆನ್ ಎಂಬ ಯಂತ್ರ ಬಂದಿದೆ. ಆನ್‌ಲೈನಿನಲ್ಲಿ ಯಾರು ಬೇಕಾದರೂ ತರಿಸಿಕೊಳ್ಳಬಹುದು. ಜೊತೆಗೆ ನೋವು ಗೊತ್ತಾಗದಂತೆ ಹಚ್ಚುವ ನಂಬಿಂಗ್ ಕ್ರೀಮ್ ಕೂಡ ಬರುತ್ತದೆ. ಪಾರ್ಲರ್ ನಡೆಸುವವರು ಯಂತ್ರಕ್ಕೆ ಹೆದರುವಷ್ಟು ಕ್ರೀಮಿಗೆ ಹೆದರುವುದಿಲ್ಲ. ನನಗೆ ಆತಂಕ ಇರುವುದು ಅಲ್ಲಿಯೇ.

ಯಂತ್ರ ಸರಳವಾದದ್ದು. ಹಿಡಿಯೊಳಗೆ ಪುಟ್ಟ ಮೋಟಾರು, ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಾರ್ಟ್ರಿಜ್, ಅದರೊಳಗೆ ಸಾಮಾನ್ಯವಾಗಿ 12 ಸೂಜಿ. ಹಿಡಿಯ ಮೇಲಿನ ಉಂಗುರ ತಿರುಗಿಸಿದರೆ ಸೂಜಿ ಹೊರಚಾಚುವ ಉದ್ದ 0.25 ಮಿ.ಮೀ.ನಿಂದ 2.5 ಮಿ.ಮೀ.ವರೆಗೆ ಬದಲಾಗುತ್ತದೆ. ಸ್ವಿಚ್ ಒತ್ತಿದರೆ ಸೂಜಿಗಳು ಸೆಕೆಂಡಿಗೆ ಹತ್ತಾರು ಸಲ ಒಳಕ್ಕೂ ಹೊರಕ್ಕೂ ಓಡುತ್ತವೆ. ಇದಕ್ಕಿಂತ ಮೊದಲು ಬಂದದ್ದು ಡರ್ಮಾ ರೋಲರ್. ಅದರ ಪುಟ್ಟ ಉರುಳೆಯ ಸುತ್ತ ಸಾಮಾನ್ಯವಾಗಿ 192 ಸೂಜಿಗಳಿರುತ್ತವೆ. ಉರುಳುವಾಗ ಸೂಜಿ ಓರೆಯಾಗಿ ನುಗ್ಗಿ ಓರೆಯಾಗಿ ಹೊರಬರುವುದರಿಂದ ತೂತು ಸ್ವಲ್ಪ ಹರಿದಂತಾಗುತ್ತದೆ. ಪೆನ್ನಿನ ಸೂಜಿ ನೇರ ಇಳಿಯುತ್ತದೆ.

ಈ ವಿದ್ಯೆ ಹುಟ್ಟಿದ್ದು ಆಸ್ಪತ್ರೆಗಳಲ್ಲಿ. 1995ರಲ್ಲಿ ಅಮೆರಿಕದ ಚರ್ಮವೈದ್ಯರಾದ ಓರೆನ್‌ಟ್ರೈಕ್ ತಂದೆ-ಮಗ ಕಲೆಯ ಕೆಳಗಿನ ಬಿಗಿ ನಾರುಗಳನ್ನು ಸೂಜಿಯಿಂದ ಬಿಡಿಸುವ ವಿಧಾನವನ್ನು ಪ್ರಕಟಿಸಿದರು. 1997ರಲ್ಲಿ ಕೆನಡಾದ ಪ್ಲಾಸ್ಟಿಕ್ ಸರ್ಜನ್ ಆಂದ್ರೆ ಕಾಮಿರಾನ್ ಮತ್ತು ಅವರ ಸಹೋದ್ಯೋಗಿ ಡೂಸೆ ಇನ್ನೊಂದು ಸಂಗತಿ ಬರೆದರು. ಶಸ್ತ್ರಚಿಕಿತ್ಸೆಯ ಬಿಳಿ ಗಾಯದ ಗುರುತುಗಳಿಗೆ ಅವರು ಚರ್ಮದ ಬಣ್ಣದ ಹಚ್ಚೆ ಹಾಕಿದ್ದರು. ಕಾಲ ಕಳೆದಂತೆ ಬಣ್ಣ ಮಾಸಿತ್ತು, ಆದರೆ ಗುರುತುಗಳೇ ಮೆತ್ತಗಾಗಿ ಸುಧಾರಿಸಿದ್ದವು. ಹಾಗಾದರೆ ಗುಣ ಬಣ್ಣದ್ದಲ್ಲ, ಸೂಜಿಯದು! ಮುಂದೆ ಅವರು ಬಣ್ಣವಿಲ್ಲದ ಹಚ್ಚೆ ಯಂತ್ರವನ್ನೇ ಬಳಸಿದರು. ಅದನ್ನು ರೋಲರಿನ ರೂಪಕ್ಕೆ ತಂದವರಲ್ಲಿ ಮುಖ್ಯರಾದವರು ದಕ್ಷಿಣ ಆಫ್ರಿಕಾದ ಡೆಸ್ಮಂಡ್ ಫರ್ನಾಂಡಿಸ್, ಅವರೂ ಪ್ಲಾಸ್ಟಿಕ್ ಸರ್ಜನ್.

ಚುಚ್ಚಿದರೆ ಚರ್ಮ ಯಾಕೆ ಸರಿಯಾಗುತ್ತದೆ? ಮುಖದ ಚರ್ಮದ ಮೇಲ್ಪದರ ಸುಮಾರು 0.1 ಮಿ.ಮೀ. ಮಾತ್ರ ದಪ್ಪ, ಅದರಲ್ಲಿ ರಕ್ತನಾಳಗಳಿಲ್ಲ. ರಕ್ತನಾಳ, ಕೊಲಾಜನ್ ನಾರು ಇವೆಲ್ಲ ಇರುವುದು ಅದರ ಕೆಳಗಿನ ಒಳಚರ್ಮದಲ್ಲಿ. ಸೂಜಿ ಅಲ್ಲಿಗೆ ತಲುಪಿದಾಗ ಸಣ್ಣ ರಕ್ತಸ್ರಾವವಾಗುತ್ತದೆ. ಪ್ಲೇಟ್‌ಲೆಟ್ ಕಣಗಳು ಬೆಳವಣಿಗೆಯ ರಾಸಾಯನಿಕಗಳನ್ನು ಬಿಡುತ್ತವೆ, ಅವುಗಳ ಕರೆಗೆ ಫೈಬ್ರೊಬ್ಲಾಸ್ಟ್ ಕೋಶಗಳು ಬಂದು ಹೊಸ ಕೊಲಾಜನ್ ನೇಯುತ್ತವೆ. ಮೊದಲು ಬರುವುದು ತಾತ್ಕಾಲಿಕ ಕೊಲಾಜನ್; ಗಟ್ಟಿಯಾದದ್ದು ಅದರ ಜಾಗ ತುಂಬಲು ತಿಂಗಳುಗಳೇ ಬೇಕು. ಅದಕ್ಕಾಗಿಯೇ ವೈದ್ಯರು ಒಂದು ಸಲಕ್ಕೂ ಮತ್ತೊಂದು ಸಲಕ್ಕೂ ನಡುವೆ ನಾಲ್ಕರಿಂದ ಆರು ವಾರ ಬಿಡುತ್ತಾರೆ. ಮೂರು ವಾರದಲ್ಲಿ ಮೊಡವೆ ಗುಂಡಿ ಹೋಗುವುದು ಶರೀರಧರ್ಮಕ್ಕೇ ಒಗ್ಗದ ಮಾತು. ಅಷ್ಟರಲ್ಲಿ ನಿಮಗೆ ಸಿಗಬಹುದಾದದ್ದು ಕಪ್ಪು ಕಲೆ ಮಾತ್ರ. ನಮ್ಮ ಕಂದುಬಣ್ಣದ ಚರ್ಮಕ್ಕೆ ಗಾಯವಾದಲ್ಲಿ ಹೆಚ್ಚು ಬಣ್ಣ ಸುರಿಯುವ ಸ್ವಭಾವವಿದೆ, ಕರಾವಳಿಯ ಬಿಸಿಲಿಗೆ ಅದು ಇನ್ನೂ ಗಾಢವಾಗುತ್ತದೆ.

ಈಗ ಆಳದ ಲೆಕ್ಕ. ಒತ್ತಿದಾಗ ಚರ್ಮ ತಗ್ಗುವುದರಿಂದ 0.25 ಮಿ.ಮೀ. ಸೂಜಿ ಪೂರ್ತಿ ಇಳಿಯುವುದಿಲ್ಲ. ಅದರ ಕೆಲಸ ಹೆಚ್ಚಾಗಿ ಮೇಲ್ಪದರದ ಆಸುಪಾಸಿನಲ್ಲೇ ಮುಗಿಯುತ್ತದೆ. ಸ್ವಲ್ಪ ಚುರುಗುಟ್ಟುತ್ತದೆ, ಅಷ್ಟೆ. ಮೊಡವೆಯ ಗುಂಡಿಗೆ 1.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕು. ಅಲ್ಲಿ ರಕ್ತ ಬರುತ್ತದೆ, ತಡೆಯಲಾರದಷ್ಟು ನೋಯುತ್ತದೆ. ಕ್ರೀಮಿನ ಮಾತು ಏಳುವುದು ಆಗಲೇ.

ಕ್ರೀಮಿನಲ್ಲಿರುವುದು ಲಿಗ್ನೊಕೇನ್. ಲಿಡೊಕೇನ್ ಎಂದರೂ ಅದೇ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಔಷಧಿ ಅದು. ನರದ ಪೊರೆಯಲ್ಲಿ ಸೋಡಿಯಂ ಒಳನುಗ್ಗುವ ದಾರಿಗಳಿವೆ. ಅವು ತೆರೆದರೆ ಮಾತ್ರ ನೋವಿನ ಸಂಕೇತ ಮುಂದಕ್ಕೆ ಹೋಗುತ್ತದೆ. ಲಿಗ್ನೊಕೇನ್ ಆ ದಾರಿಗಳನ್ನು ಮುಚ್ಚುತ್ತದೆ. ಅಂಥದೇ ದಾರಿಗಳು ಮಿದುಳಿನಲ್ಲಿವೆ, ಹೃದಯದಲ್ಲೂ ಇವೆ. ಹೃದಯದ ಬಡಿತ ಹಳಿ ತಪ್ಪಿದಾಗ ಆಸ್ಪತ್ರೆಗಳಲ್ಲಿ ಇದನ್ನೇ ರಕ್ತನಾಳಕ್ಕೆ ಕೊಡುವುದುಂಟು. ಕೆನ್ನೆಗೆ ಹಚ್ಚುವ ಕ್ರೀಮಿನಲ್ಲಿರುವುದೂ ಅದೇ ಔಷಧಿ ಎಂಬುದನ್ನು ಮರೆಯಬಾರದು.

ಗಟ್ಟಿಯಾದ ಈ ವಸ್ತುವನ್ನು ಚರ್ಮದೊಳಗೆ ಇಳಿಸುವುದು ಸುಲಭವಿರಲಿಲ್ಲ. ದಾರಿ ಹುಡುಕಿದ್ದೂ ಸ್ವೀಡನ್ನೇ. ಅಮೃತಧಾರೆ ಮಾಡುವುದನ್ನು ಕಂಡಿದ್ದೀರಾ? ಕರ್ಪೂರ, ಪುದೀನ ಸತ್ವ, ಓಮದ ಸತ್ವ ಮೂರೂ ಗಟ್ಟಿ. ಒಂದೇ ಸೀಸೆಗೆ ಹಾಕಿದರೆ ಬೆಂಕಿ ಇಲ್ಲದೆ ಕರಗಿ ನೀರಾಗುತ್ತವೆ. ಇಲ್ಲಿಯೂ ಹಾಗೆಯೇ. ಲಿಗ್ನೊಕೇನ್ ಕರಗುವುದು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದೇ ಬಗೆಯ ಇನ್ನೊಂದು ಮರಗಟ್ಟಿಸುವ ಔಷಧಿಯಾದ ಪ್ರೈಲೊಕೇನ್ ಸುಮಾರು 38ರಲ್ಲಿ. ಎರಡನ್ನೂ ಸಮಪಾಲು ಬೆರೆಸಿದರೆ ಸುಮಾರು 18 ಡಿಗ್ರಿಯಲ್ಲೇ ಎಣ್ಣೆಯಾಗುತ್ತದೆ. 1980ರ ದಶಕದಲ್ಲಿ ಆಸ್ಟ್ರಾ ಕಂಪನಿ ಈ ಎಣ್ಣೆಯಿಂದ ಎಮ್ಲಾ ಎಂಬ ಕ್ರೀಮ್ ಮಾಡಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಪ್ರೈಲಾಕ್ಸ್ ಹೆಸರಿನಲ್ಲಿ ಸಿಗುವುದೂ ಇದೇ ಜೋಡಿ, ತಲಾ ಶೇ 2.5. ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ಗಂಟೆ ಬಿಟ್ಟರೆ ಸುಮಾರು 3 ಮಿ.ಮೀ. ಆಳಕ್ಕೆ ಮರಗಟ್ಟುತ್ತದೆ. ಕಣ್ಣಿಗೆ ಸೋಕಿದರೆ ಕಾರ್ನಿಯಾ ಸುಡುತ್ತದೆ.

ಕ್ರೀಮಿನ ಆಯ್ಕೆ ಎಂದರೆ ಮುಖ್ಯವಾಗಿ ಶೇಕಡಾವಾರು ನೋಡುವುದು. ಶೇ 2.5ರ 30 ಗ್ರಾಂ ಟ್ಯೂಬಿನಲ್ಲಿ 750 ಮಿಲಿಗ್ರಾಂ ಲಿಗ್ನೊಕೇನ್ ಇರುತ್ತದೆ. ಶೇ 10 ಎಂದು ಬರೆದುಕೊಂಡು ಬರುವ ಅಷ್ಟೇ ದೊಡ್ಡ ಟ್ಯೂಬಿನಲ್ಲಿ 3,000 ಮಿಲಿಗ್ರಾಂ. 50 ಕಿಲೋ ತೂಕದ ಯುವತಿಗೆ ವೈದ್ಯರು ಚುಚ್ಚುಮದ್ದಾಗಿ ಕೊಡಬಹುದಾದ ಮಿತಿ ಸುಮಾರು 225 ಮಿಲಿಗ್ರಾಂ. ಹಚ್ಚಿದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ, ನಿಜ. ಆದರೆ ಅದನ್ನು ತಡೆದಿರುವುದು ಚರ್ಮದ ಮೇಲ್ಪದರ, ಮತ್ತು ಪೆನ್ನು ತೂತು ಮಾಡುವುದು ಆ ಪದರವನ್ನೇ. ಆದ್ದರಿಂದ ಚುಚ್ಚುವ ಮೊದಲು ಕ್ರೀಮನ್ನು ಪೂರ್ತಿ ಒರೆಸಿ ತೆಗೆಯಬೇಕು. ನಡುವೆ ನೋವೆಂದರೆ ತೂತಾದ ಮುಖಕ್ಕೆ ಮತ್ತೆ ಹಚ್ಚುವುದು ದೊಡ್ಡ ಅಪಾಯ.

2007ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಬ್ಬರು ಯುವತಿಯರ ಸಾವನ್ನು ಉಲ್ಲೇಖಿಸಿ ಎಚ್ಚರಿಕೆ ಕೊಟ್ಟಿತು. ವಯಸ್ಸು 22 ಮತ್ತು 25. ಲೇಸರಿನಿಂದ ಕೂದಲು ತೆಗೆಸಲು ಹೊರಟವರು, ಕಾಲಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಫಿಟ್ಸ್ ಬಂದು, ಪ್ರಜ್ಞೆ ತಪ್ಪಿ ತೀರಿಕೊಂಡರು. 2024ರಲ್ಲಿ ಅದೇ ಸಂಸ್ಥೆ ಶೇ 4ಕ್ಕಿಂತ ತೀಕ್ಷ್ಣ ಲಿಡೊಕೇನ್ ಕ್ರೀಮುಗಳನ್ನು ನೇರವಾಗಿ ಗಿರಾಕಿಗಳಿಗೆ ಮಾರುತ್ತಿದ್ದ ಕಂಪನಿಗಳಿಗೆ ನೋಟಿಸು ಕೊಟ್ಟಿತು.

ಮೊದಲ ಸೂಚನೆಗಳು ಇವು: ಬಾಯಿಯ ಸುತ್ತ ಜುಮುಜುಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು, ತಲೆಸುತ್ತು. ಕಂಡ ಕೂಡಲೇ ಕ್ರೀಮ್ ಒರೆಸಿ 108ಕ್ಕೆ ಕರೆ ಮಾಡಬೇಕು. ಪ್ರೈಲೊಕೇನಿನ ತೊಂದರೆ ಬೇರೆ. ಅದು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಸಾಗಿಸದಂತೆ ಕೆಡಿಸಬಲ್ಲದು. ತುಟಿ ನೀಲಿಗಟ್ಟುತ್ತದೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಅಪಾಯ ಹೆಚ್ಚು. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವಾಗ ವೈದ್ಯರು ವಿಚಾರಿಸುವುದು ಇದನ್ನೇ, ಮಂಗಳೂರು ಕಡೆಯವರಿಗೆ ಈ ಹೆಸರು ಹೊಸದಲ್ಲ.

ಸೂಜಿಯ ಸೋಂಕಿನ ಬಗ್ಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ನ್ಯೂ ಮೆಕ್ಸಿಕೊದ ಒಂದು ಸ್ಪಾದಲ್ಲಿ, ಪರವಾನಗಿಯೇ ಇಲ್ಲದೆ, ಸೂಜಿಯಿಂದ ಮುಖ ಚುಚ್ಚಿ ರಕ್ತದ ಪ್ಲಾಸ್ಮಾ ಹಚ್ಚುವ ಫೇಶಿಯಲ್ ನಡೆಯುತ್ತಿತ್ತು. 2018ರಲ್ಲಿ ಅದನ್ನು ಮುಚ್ಚಿಸಿದರು. ಅಲ್ಲಿಗೆ ಹೋಗಿದ್ದ ಮಹಿಳೆಯರಿಗೆ ಎಚ್‌ಐವಿ ತಗಲಿದ್ದು ತನಿಖೆಯಿಂದ ತಿಳಿಯಿತು. ಡೆಟಾಲಿನಲ್ಲಿ ಅದ್ದಿದರೆ ಕಾರ್ಟ್ರಿಜ್ ಶುದ್ಧವಾಗುವುದಿಲ್ಲ. ಒಬ್ಬರಿಗೆ ಒಂದು, ಆಮೇಲೆ ಅದು ಕಸ.

ತರಬೇತಿಯ ವಿಷಯಕ್ಕೆ ಬಂದರೆ, ಈ ಸೀಮೆಗೆ ಹೆಮ್ಮೆಪಡುವ ಪರಂಪರೆ ಇದೆ. 1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು. ಅದನ್ನು ನೋಡಿಯೇ ಕೇಂದ್ರ ಸರಕಾರ ಜಿಲ್ಲೆಗೊಂದು ತರಬೇತಿ ಸಂಸ್ಥೆಯ ಯೋಜನೆ ತಂದದ್ದು. ಇಂಥ ಸಂಸ್ಥೆಗಳಲ್ಲಿ ಊಟ-ವಸತಿಯೊಂದಿಗೆ ಉಚಿತವಾಗಿ ನಡೆಯುವ ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿ ಎಷ್ಟೋ ಹೆಣ್ಣುಮಕ್ಕಳನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದೆ. ಆದರೆ ಅಲ್ಲಿ ಕಲಿಸುವುದು ಚರ್ಮದ ಮೇಲಿನ ಕೆಲಸ: ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್, ಮದುಮಗಳ ಮೇಕಪ್. ಒಳಚರ್ಮದ ಕೆಲಸ ಚಿಕಿತ್ಸೆ. ಯಂತ್ರ ಮಾರುವವರು ಒಂದೆರಡು ದಿನ ತೋರಿಸಿ ಕೊಡುವ ಪ್ರಮಾಣಪತ್ರದಿಂದ ಆ ಅಂತರ ತುಂಬುವುದಿಲ್ಲ. ಗಿರಾಕಿಗೆ ಫಿಟ್ಸ್ ಬಂದರೆ ಆಮ್ಲಜನಕ ಕೊಡುವುದು ಯಾರು, ರಕ್ತನಾಳಕ್ಕೆ ಸೂಜಿ ಹಾಕುವುದು ಯಾರು?

ನನ್ನ ಅಭಿಪ್ರಾಯ ಸ್ಪಷ್ಟ. ನಂಬಿಂಗ್ ಕ್ರೀಮ್ ಬೇಕಾಗುವಷ್ಟು ಆಳದ ಕೆಲಸ ಪಾರ್ಲರಿನದಲ್ಲ, ಚರ್ಮವೈದ್ಯರದು. ಬ್ಯೂಟಿಷಿಯನ್ ಸಹೋದರಿಯರೇ, ಮೊಡವೆ ಗುಂಡಿ ತೋರಿಸಿಕೊಂಡು ಬಂದವರನ್ನು ದಯವಿಟ್ಟು ಮಂಗಳೂರಿಗೆ ಕಳಿಸಿಕೊಡಿ. ಬಿ.ಸಿ. ರೋಡಿನಿಂದ ಅದು ಸುಮಾರು 25 ಕಿಲೋಮೀಟರ್. ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲೂ, ಅಲ್ಲಿನ ಮೆಡಿಕಲ್ ಕಾಲೇಜುಗಳಲ್ಲೂ ಚರ್ಮರೋಗ ವಿಭಾಗವಿದೆ.