ಕುಡಿದಿಲ್ಲ ಸ್ವಾಮಿ, ಅದು ಸ್ಟ್ರೋಕ್!

ವೀಕ್ಷಕರೇ, ಲಕ್ವ ಅಂದ ಕೂಡಲೇ ನಿಮ್ಮ ಕಣ್ಮುಂದೆ ಏನು ಬರುತ್ತೆ? ಬಾಯಿ ಸೊಟ್ಟಗಾಗೋದು, ಒಂದು ಕಡೆಯ ಕೈಕಾಲು ಬಿದ್ದುಹೋಗೋದು. ಅಷ್ಟೇ ಅಲ್ವಾ? ಬಾಯಿ ಸೊಟ್ಟಗಾಗದ, ಕೈಕಾಲಿನ ಬಲವೂ ಹೋಗದ ಸ್ಟ್ರೋಕ್ ಒಂದಿದೆ. ಇವತ್ತಿನ ಮಾತು ಅದರ ಬಗ್ಗೆ.

ಮಳವಳ್ಳಿ ತಾಲೂಕಿನ ಒಂದು ಹಳ್ಳಿ ಅಂದುಕೊಳ್ಳಿ. ಆಲೆಮನೆ ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಐವತ್ತೈದರ ಮನುಷ್ಯ. ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ. ಎದ್ದು ನಿಂತರೆ ಒಂದೇ ಕಡೆಗೆ ವಾಲುತ್ತಾನೆ, ಮಾತು ತೊದಲುತ್ತೆ. ಜಗುಲಿ ಮೇಲೆ ಕೂತವರ ತೀರ್ಪು ಏನು? 'ಕುಡ್ಕಂಡ್ ಬಂದವ್ನೆ ಬುಡ್ಲಾ, ಮನಿಕ್ಕಳ್ಲಿ.' ಕುಡಿಯದವನಾದರೆ, 'ಪಿತ್ತ ಕಣಣ್ಣ, ನಿಂಬೆಹಣ್ಣಿನ ಪಾನಕ ಕೊಡಿ.' ಬೆಳಗಾಗುವಷ್ಟರಲ್ಲಿ ಚಿಕಿತ್ಸೆಯ ಅಮೂಲ್ಯ ಗಂಟೆಗಳು ಮುಗಿದುಹೋಗಿರುತ್ತವೆ.

ತಲೆಬುರುಡೆಯ ಹಿಂಭಾಗದಲ್ಲಿ, ಕತ್ತಿಗೆ ಸ್ವಲ್ಪ ಮೇಲೆ, ಕಿರುಮೆದುಳು ಇದೆ. ಗಾತ್ರದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಮೆದುಳಿನ ನರಕೋಶಗಳಲ್ಲಿ ಶೇ. 80ರಷ್ಟು ಇಲ್ಲೇ ಇವೆ! ಇಂಜಿನಿಯರಿಂಗ್ ಓದಿದ ಚಾಳಿ, ನನಗೆ ಇದು ಕಂಟ್ರೋಲ್ ಸಿಸ್ಟಂ ತರಹವೇ ಕಾಣುತ್ತೆ. ನಮ್ಮ ಕಡೆಯ ಉದಾಹರಣೆಯೇ ಬೇಕು ಅಂದ್ರೆ ಕಬ್ಬಿನ ಗಾಡಿ ನೋಡಿ. ಎಳೆಯುವ ಬಲ ಎತ್ತಿನದು, ಗಾಡಿ ಹಳ್ಳಕ್ಕಿಳಿಯದಂತೆ ಕ್ಷಣಕ್ಷಣಕ್ಕೂ ಹಗ್ಗ ಸರಿಮಾಡುವವನು ಗಾಡಿ ಹೊಡೆಯುವವನು. ಕಿರುಮೆದುಳಿನ ಕೆಲಸ ಅವನದೇ. ಅಲ್ಲಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಎತ್ತಿನ ಬಲ ಹಾಗೇ ಇರುತ್ತೆ, ಗಾಡಿ ಮಾತ್ರ ದಾರಿ ತಪ್ಪುತ್ತೆ.

ಸರಿ, ಆಸ್ಪತ್ರೆಗೆ ಹೋದ್ರಿ. ಸಿಟಿ ಸ್ಕ್ಯಾನ್ 'ನಾರ್ಮಲ್' ಅಂತ ಬಂತು. ನಿಟ್ಟುಸಿರು ಬಿಟ್ಟು ಮನೆಗೆ ಹೊರಡಬೇಡಿ. ರಕ್ತಸ್ರಾವ ಆಗಿದ್ದರೆ ಸಿಟಿ ತಕ್ಷಣ ತೋರಿಸುತ್ತೆ. ಆದರೆ ರಕ್ತ ಹೆಪ್ಪುಗಟ್ಟಿ ಆದ ಹಾನಿ ಮೊದಲ ಗಂಟೆಗಳಲ್ಲಿ, ಅದರಲ್ಲೂ ದಪ್ಪ ಮೂಳೆಗಳ ನಡುವೆ ಕೂತ ಕಿರುಮೆದುಳಿನಲ್ಲಿ, ಬಹಳ ಸಲ ಕಾಣುವುದೇ ಇಲ್ಲ. ಎಂಆರ್‌ಐ ಎಷ್ಟೋ ಮೇಲು. ಆದರೂ ಮೊದಲ ಒಂದೆರಡು ದಿನ ಅದರ ಕಣ್ಣಿಗೂ ಕೆಲವು ತಪ್ಪಿಸಿಕೊಳ್ಳುತ್ತವೆ.

ಅದಕ್ಕೇ ತಿಳಿದ ವೈದ್ಯರು ರೋಗಿಯ ಕಣ್ಣು ನೋಡ್ತಾರೆ. ತಲೆಸುತ್ತು ನಿಲ್ಲದೆ ಕಾಡುತ್ತಿರುವವರಿಗೆ ಮಾಡುವ ಈ ಪರೀಕ್ಷೆಗೆ 'ಹಿಂಟ್ಸ್' ಅಂತ ಹೆಸರು, 2009ರಲ್ಲಿ ಪ್ರಕಟವಾದದ್ದು. ರೋಗಿ ವೈದ್ಯರ ಮೂಗನ್ನೇ ದಿಟ್ಟಿಸಬೇಕು, ವೈದ್ಯರು ಅವರ ತಲೆಯನ್ನು ಸರಕ್ಕನೆ ಸ್ವಲ್ಪ ತಿರುಗಿಸ್ತಾರೆ. ಒಳಕಿವಿಯ ತೊಂದರೆಯಾದರೆ ಕಣ್ಣು ಗುರಿ ತಪ್ಪಿ, ಮತ್ತೆ ಹಾರಿ ಬರುತ್ತೆ. ಕಣ್ಣು ಗುರಿ ಬಿಡಲೇ ಇಲ್ಲ ಅಂದ್ರೆ? ಅನುಮಾನ ಮೆದುಳಿನ ಮೇಲೆ. ವಿಚಿತ್ರ ನೋಡಿ, ಇಲ್ಲಿ ಸರಿಯಾಗಿರುವುದೇ ಕೆಟ್ಟ ಸೂಚನೆ! ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಹಾಗೇ ಸಲೂನಿನಲ್ಲಿ ಕತ್ತು ಲಟಕ್ ಅನ್ನಿಸಿಕೊಳ್ಳುವ ಚಟವನ್ನೂ ಬಿಡಿ. ಕತ್ತಿನ ರಕ್ತನಾಳ ಸೀಳಿ ಸ್ಟ್ರೋಕ್ ಆದವರಿದ್ದಾರೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಲೆಕ್ಕ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಆ ಹೊತ್ತು ಯಾವುದು ಅಂತ ವೈದ್ಯರು ಕೇಳೇ ಕೇಳ್ತಾರೆ. ಮದ್ದೂರಿನಿಂದ ಮಂಡ್ಯದ ಮಿಮ್ಸ್‌ಗೆ ಸುಮಾರು 20 ಕಿಲೋಮೀಟರ್, ಮಳವಳ್ಳಿಯಿಂದ ಸುಮಾರು 40. ಮಂಡ್ಯದಿಂದ ಮೈಸೂರಿಗೆ 45, ಬೆಂಗಳೂರಿಗೆ 100. 2023ರಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಹೆದ್ದಾರಿಯೂ ಇದೆ. ಸಮಯ ತಿನ್ನುತ್ತಿರುವುದು ರಸ್ತೆಯಲ್ಲ, ಆ ಜಗುಲಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿ ಅನ್ನಿ. ಪಾನಕ ಬೇಡ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ಆಸ್ಪಿರಿನ್ನೂ ಬೇಡ, ಒಳಗೆ ರಕ್ತಸ್ರಾವ ಆಗಿದ್ದರೆ ಅದು ಇನ್ನೂ ಹೆಚ್ಚೀತು.

ಇನ್ನೊಂದು ಗಂಡಾಂತರ ಇರೋದು ಆಮೇಲಿನ ದಿನಗಳಲ್ಲಿ. ರೋಗಿ ಮಾತಾಡ್ತಿದ್ದಾರೆ, ಇಡ್ಲಿ ತಿಂದಿದ್ದಾರೆ, ಮನೆಯವರು ಡಿಸ್ಚಾರ್ಜ್ ಕೇಳ್ತಾರೆ. ಆದರೆ ಎರಡರಿಂದ ನಾಲ್ಕನೇ ದಿನದ ನಡುವೆ ಕಿರುಮೆದುಳು ಊದಿಕೊಳ್ಳಬಹುದು. ಆ ಇಕ್ಕಟ್ಟಿನಲ್ಲಿ ಊತಕ್ಕೆ ಜಾಗ ಎಲ್ಲಿದೆ? ಪಕ್ಕದಲ್ಲೇ ಉಸಿರಾಟ ನಡೆಸುವ ಮೆದುಳಿನ ಕಾಂಡವನ್ನು ಅದು ಒತ್ತುತ್ತೆ, ಮೆದುಳಿನ ನೀರು ಹರಿಯುವ ದಾರಿಯನ್ನೂ ಮುಚ್ಚುತ್ತೆ. ರೋಗಿ ಮಂಕಾದರೆ, ಸುಮ್ಮನೆ ನಿದ್ದೆಗೆ ಜಾರುತ್ತಿದ್ದರೆ, 'ಸುಸ್ತಾಗಿದೆ, ಮಲಗಲಿ' ಅನ್ನಬೇಡಿ, ಕೂಡಲೇ ನರ್ಸನ್ನು ಕರೆಯಿರಿ. ಊತ ಹೆಚ್ಚಾದರೆ ನರಶಸ್ತ್ರಚಿಕಿತ್ಸಕರು ಬುರುಡೆಯ ಹಿಂಭಾಗದ ಮೂಳೆಯ ಒಂದು ತುಂಡು ತೆಗೆದು ಜಾಗ ಮಾಡಿಕೊಡ್ತಾರೆ, ನೀರು ಹೊರಗೆ ಬಿಡ್ತಾರೆ. ದೊಡ್ಡ ರಕ್ತಸ್ರಾವಕ್ಕೂ ಆಪರೇಷನ್ನೇ ದಾರಿ. ಕೇಳೋಕೆ ಭಯವಾಗುತ್ತೆ, ಆದರೆ ಪ್ರಜ್ಞೆ ಪೂರ್ತಿ ತಪ್ಪುವ ಮೊದಲೇ ಇದನ್ನು ಮಾಡಿದರೆ ಎಷ್ಟೋ ಜನ ಎದ್ದು ಓಡಾಡ್ತಾರೆ. ಗದ್ದೆಯ ಬದುವಿನ ಮೇಲೆ ಮತ್ತೆ ತಪ್ಪದೆ ಹೆಜ್ಜೆ ಇಡೋಕೆ ಮಾತ್ರ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಾಗಬಹುದು. ಬಿಪಿ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸುವ ಹಾಗಿಲ್ಲ.