ಕುಗ್ಗಲೊಲ್ಲದ ಸ್ಮೃತಿ

ಲಿನಕ್ಸ್ ಗಣಕದಲ್ಲಿ ನಾವು ಹಲವು ಚಿತ್ರಗಳನ್ನು ತೆರೆದು ನೋಡಿ, ಎಲ್ಲವನ್ನೂ ಮುಚ್ಚುತ್ತೇವೆ. ಆಮೇಲೆ ಲೆಕ್ಕ ತೆಗೆದರೆ, ಪರದೆಯ ವ್ಯವಹಾರವನ್ನು ನಡೆಸುವ ಎಕ್ಸ್ ಸರ್ವರ್ ಎಂಬ ಕ್ರಮವಿಧಿಯು ಬೆಳಗಿನದಕ್ಕಿಂತ ಬಹಳ ಹೆಚ್ಚು ಸ್ಮೃತಿಯನ್ನು ಹಿಡಿದುಕೊಂಡೇ ಇರುವುದುಂಟು. ಸ್ಮೃತಿ ಸೋರುತ್ತಿದೆಯೆಂದು ಒಡನೆಯೇ ದೂರುವವರಿದ್ದಾರೆ. ಈ ದೂರು ಎಷ್ಟರಮಟ್ಟಿಗೆ ನ್ಯಾಯವಾದುದು?

1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಬ್ರೌಸರ್ ಮೊದಲಾದ ಕ್ರಮವಿಧಿಗಳು ತಮ್ಮ ಚಿತ್ರಗಳನ್ನು ಸರ್ವರಿನ ವಶದಲ್ಲಿ ಇಡಬಹುದು. 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ ಒಂದು ಚಿತ್ರಕ್ಕೆ, ಚುಕ್ಕೆಯೊಂದಕ್ಕೆ 4 ಬೈಟಿನಂತೆ, 82,94,400 ಬೈಟುಗಳು ಬೇಕು. ಸಾಲ ಮಾಡಿದ್ದು ಬ್ರೌಸರು. ಖಾತೆಯಲ್ಲಿರುವ ಹೆಸರು ಸರ್ವರಿನದು!

ಚಿತ್ರವನ್ನು ಅಳಿಸಿದ ಮೇಲಾದರೂ ಸ್ಮೃತಿಯು ಹಿಂದಿರುಗಬೇಡವೆ? ಸ್ವಾರಸ್ಯವಿರುವುದು ಇಲ್ಲಿಯೇ. ಹರಿಕಥೆಗೆ ಹಾಸಿದ ಉದ್ದನೆಯ ಜಮಖಾನವೊಂದನ್ನು ಕಲ್ಪಿಸಿಕೊಳ್ಳೋಣ. ಅದರ ಮುಂದಿನ ತುದಿ ವೇದಿಕೆಯ ಕೆಳಗೆ ಸಿಕ್ಕಿಕೊಂಡಿದೆ. ಸುತ್ತುವುದಾದರೆ ಹಿಂದಿನ ತುದಿಯಿಂದಲೇ ಸುತ್ತಬೇಕು. ಜನರೆಲ್ಲ ಎದ್ದುಹೋದರೂ ಆ ತುದಿಯಲ್ಲಿ ವೃದ್ಧರೊಬ್ಬರು ನಿದ್ದೆಹೋಗಿದ್ದರೆ ಸುತ್ತುವಂತಿಲ್ಲ. ‘ಹೀಪ್’ ಎಂಬ ಸ್ಮೃತಿಭಾಗದ ಸ್ಥಿತಿಯೂ ಇದೇ. ಅದರ ಮೇಲ್ತುದಿಯಲ್ಲಿ ನೂರು ಬೈಟಿನ ತುಣುಕೊಂದು ಬಳಕೆಯಲ್ಲಿದ್ದರೂ ಸಾಕು, ಕೆಳಗೆ ತೆರವಾದ ಹತ್ತಾರು ಮೆಗಾಬೈಟುಗಳು ತಾವಾಗಿ ಹಿಂದಿರುಗಲಾರವು.

ತೆರವಾದ ಸ್ಥಳ ವ್ಯರ್ಥವೇನೂ ಅಲ್ಲ. ಹೊಸಬರು ಬಂದು ಅಲ್ಲಿ ಕುಳಿತುಕೊಳ್ಳಬಹುದು. ಆದರೆ ಹತ್ತು ಜನರ ಕುಟುಂಬವೊಂದು ಒಟ್ಟಿಗೆ ಕೂಡಬೇಕೆಂದರೆ, ಅಲ್ಲೊಂದು ಇಲ್ಲೊಂದು ಇರುವ ತೆರವುಗಳು ಪ್ರಯೋಜನಕ್ಕೆ ಬಾರವು. ಜಮಖಾನವನ್ನೇ ಮತ್ತಷ್ಟು ಹಾಸಬೇಕು.

ಆದ್ದರಿಂದ ಲಿನಕ್ಸಿನ ಗ್ಲಿಬ್‌ಸಿ ಲೈಬ್ರರಿಯು ದೊಡ್ಡ ಕೋರಿಕೆಗಳಿಗೆ ಬೇರೆ ಚಾಪೆಯನ್ನೇ ಹಾಸುತ್ತದೆ. ಕೆಲಸ ಮುಗಿದೊಡನೆ ಅದನ್ನು ಸುತ್ತಿ ಒಪ್ಪಿಸುತ್ತದೆ. 128 ಕಿಲೋಬೈಟು ಇದರ ಆರಂಭದ ಗಡಿ. ಆದರೆ ಪ್ರತಿ ಚಾಪೆಗೂ ಕರ್ನಲನ್ನು ಕೇಳಬೇಕು, ಹೊಸ ಪುಟಗಳಲ್ಲಿ ಸೊನ್ನೆ ತುಂಬಬೇಕು. ಇದಕ್ಕೆ ಕಾಲ ಹಿಡಿಯುತ್ತದೆ. ಅದಕ್ಕಾಗಿ 2006ರ ಆವೃತ್ತಿಯಲ್ಲಿ ಗಡಿಯು ತಾನೇ ಏರುವಂತೆ ಮಾಡಿದರು. ಚಾಪೆಯೊಂದನ್ನು ಒಪ್ಪಿಸಿದಾಗ ಗಡಿ ಅದರ ಗಾತ್ರಕ್ಕೆ ಏರುತ್ತದೆ. 64 ಬಿಟ್ಟಿನ ಯಂತ್ರಗಳಲ್ಲಿ ಪರಮಾವಧಿ 32 ಮೆಗಾಬೈಟು. ಮೇಲೆ ಹೇಳಿದ ಚಿತ್ರವನ್ನು ಒಮ್ಮೆ ಅಳಿಸಿದರೆ, ಅದಕ್ಕಿಂತ ಚಿಕ್ಕವೆಲ್ಲ ಮುಂದೆ ಜಮಖಾನದ ಮೇಲೆಯೇ ಸೇರುತ್ತವೆ. ವೇಗವೂ ಬಂತು, ನಿದ್ದೆಹೋದ ವೃದ್ಧರ ತೊಡಕೂ ಬಂತು!

ಸರ್ವರನ್ನು ಆರಂಭಿಸುವಾಗಲೇ ಗಡಿಯನ್ನು ನಾವೇ ಗೊತ್ತುಮಾಡಿದರೆ ಈ ಏರಿಕೆ ನಿಲ್ಲುತ್ತದೆ. ಸ್ಮೃತಿಯ ಅಭಾವವಿರುವ ಹಳೆಯ ಯಂತ್ರಗಳಲ್ಲಿ ಇದು ಯುಕ್ತ. ಉಳಿದೆಡೆ ಸುಮ್ಮನಿರುವುದೇ ಮೇಲೆಂದು ನಮ್ಮ ಅಭಿಪ್ರಾಯ.

ನಿಜವಾದ ಸೋರಿಕೆಯನ್ನು ಗುರುತಿಸುವ ಪ್ರಯೋಗ ಸುಲಭ. ಬ್ರೌಸರಿನಲ್ಲಿ ಒಂದೇ ಪುಟವನ್ನು ಹತ್ತು ಸಲ ತೆರೆದು ಮುಚ್ಚಿ, ಪ್ರತಿ ಸಲವೂ ಸರ್ವರಿನ ಅಂಕಿಯನ್ನು ಬರೆದುಕೊಳ್ಳಬೇಕು. ಮೊದಲು ಏರಿ, ಬಳಿಕ ಸಮನಾಗಿ ನಿಂತರೆ ಅದು ಜಮಖಾನದ ಕಥೆ. ಒಂದೇ ಸಮನೆ ಏರುತ್ತಲೇ ಹೋದರೆ ಯಾರೋ ಬಿಟ್ಟುಕೊಡಲು ಮರೆತಿದ್ದಾರೆ. ಆಗ ಬ್ರೌಸರನ್ನೇ ಮುಚ್ಚಬೇಕು. ಅದು ಇರಿಸಿದ್ದ ಚಿತ್ರಗಳನ್ನೆಲ್ಲ ಸರ್ವರು ಸಾಮಾನ್ಯವಾಗಿ ಅಳಿಸಿಬಿಡುತ್ತದೆ. ಪುನಃ ತೆರೆದು ಪ್ರಯೋಗವನ್ನು ಮುಂದುವರಿಸಿದಾಗ ಅಂಕಿಯು ಕೆಲಕಾಲ ಏರದಿದ್ದರೆ, ಹಳೆಯ ಸ್ಥಳವೇ ಬಳಕೆಗೆ ಬರುತ್ತಿದೆ, ಮರೆತದ್ದು ಬ್ರೌಸರು. ಆಗಲೂ ಮೊದಲಿನಂತೆಯೇ ಏರಿದರೆ ಸರ್ವರನ್ನು ಸಂಶಯಿಸಬಹುದು.